ನಾನು ಮಾಡದ ಸಾಲಕ್ಕೆ ನನ್ನ ಹೆಸರಿಗೆ ನೋಟಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ಯಾರೋ ನನ್ನ ಪ್ಯಾನ್ ನಂಬರ್ ಕೊಟ್ಟು ಏಳು ಸಾವಿರ ರೂಪಾಯಿ ಸಾಲ ಎತ್ತಿದ್ದರು. ಅದು ನನ್ನದಲ್ಲ ಅಂತ ಒಪ್ಪಿಸೋಕೆ ನನಗೆ ಐದು ತಿಂಗಳು ಹಿಡಿಯಿತು. ಆಮೇಲಿಂದ ನೆಂಟರು, ಅಕ್ಕಪಕ್ಕದವರು, ಅವರ ಪರಿಚಯದವರು "ನಿಮಗೂ ಹೀಗೇ ಆಗಿತ್ತಂತಲ್ಲ" ಅಂತ ಕೇಳುತ್ತಲೇ ಇದ್ದಾರೆ. ಫೋನಿನಲ್ಲಿ, ಪತ್ರದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ವಕೀಲನಲ್ಲ. ಕೋರ್ಟಿನಿಂದ ಸಮನ್ಸ್ ಬಂದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಮೊದಲು ವಕೀಲರನ್ನು ನೋಡಿ.

## ನೋಟಿಸ್ ಕೈಗೆ ಬಂದ ದಿನ

"ನೋಟಿಸ್ ಬಂತು ಅಂದ್ರೆ ನಾನು ಆರೋಪಿನಾ? ಪೊಲೀಸ್ರು ಮನೆಗೆ ಬರ್ತಾರಾ?"

ಇಲ್ಲ. "ಈ ವ್ಯವಹಾರ ನಿಮ್ಮದು ಅಂತ ನಮ್ಮ ದಾಖಲೆ ಹೇಳುತ್ತಿದೆ, ನೀವೇನು ಹೇಳುತ್ತೀರಿ?" ಅಂತ ಕೇಳುವ ಕಾಗದ ಅದು. ಇನ್ನೊಬ್ಬರ ಗುರುತು ಬಳಸಿ ಮೋಸ ಮಾಡೋದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಆ ಪ್ರಕರಣದಲ್ಲಿ ನೀವು ದೂರುದಾರರು.

ಆದರೆ ಇದು ನೀವು ಬಾಯಿ ಬಿಟ್ಟರೆ ಮಾತ್ರ. ಉತ್ತರ ಬರದ ನೋಟಿಸನ್ನು ಸಾಲ ಕೊಟ್ಟವರು "ಗ್ರಾಹಕರು ತಕರಾರು ಮಾಡಿಲ್ಲ" ಅಂತಲೇ ಓದುತ್ತಾರೆ. ತೆರಿಗೆ ಇಲಾಖೆಯಾದರೆ ನಿಮ್ಮ ಮಾತು ಕೇಳದೆಯೇ ಆದೇಶ ಬರೆದುಬಿಡಬಹುದು. ಹಾಗಾಗಿ ಉತ್ತರಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ ಅಂತ ಮೊದಲು ಹುಡುಕಿ, ಆ ತಾರೀಕಿಗೆ ಗೋಡೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ. ಲಕೋಟೆ ಬಿಸಾಡಬೇಡಿ. ಕಾಗದ ಯಾವತ್ತು ಬಂತು ಅನ್ನೋದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.

"ನೋಟಿಸೇ ಮೋಸದ್ದಾಗಿದ್ರೆ?"

ಒಳ್ಳೆಯ ಅನುಮಾನ. ಈಗ ಬರೋದರಲ್ಲಿ ಸುಳ್ಳು ನೋಟಿಸ್ ಬಹಳ. "ನಿಮ್ಮ ಆಧಾರ್‌ನಲ್ಲಿ ಪಾರ್ಸೆಲ್ ಬುಕ್ ಆಗಿದೆ, ಡ್ರಗ್ಸ್ ಸಿಕ್ಕಿದೆ, ವಿಡಿಯೊ ಕಾಲ್ ಕಟ್ ಮಾಡಬೇಡಿ" ಅನ್ನೋ ನಾಟಕ ಗೊತ್ತಲ್ಲ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. ಹಾಜರಾಗಿ ಅಂತ ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ.

ಆದಾಯ ತೆರಿಗೆ ನೋಟಿಸ್ ಆದರೆ ಪರೀಕ್ಷೆ ಸುಲಭ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿನ್ ಎಂಬ ಗುರುತಿನ ಸಂಖ್ಯೆ ಇರಬೇಕು. ಇ-ಫೈಲಿಂಗ್ ಪೋರ್ಟಲಿನಲ್ಲಿ ನೋಟಿಸ್ ದೃಢೀಕರಿಸುವ ಕೊಂಡಿ ಇದೆ, ಅಲ್ಲಿ ಆ ಸಂಖ್ಯೆ ಹಾಕಿ ನೋಡಿ. ಬ್ಯಾಂಕಿನದ್ದೋ ಫೈನಾನ್ಸ್ ಕಂಪನಿಯದ್ದೋ ಆದರೆ ನೋಟಿಸಿನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಅವರ ವೆಬ್‌ಸೈಟಿನಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ಹುಡುಕಿ ಅಲ್ಲಿಗೆ ಬರೆಯಿರಿ. ಒಟಿಪಿ ಕೇಳಿದರೆ, "ವೆರಿಫಿಕೇಶನ್‌ಗೆ ಒಂದು ರೂಪಾಯಿ ಹಾಕಿ" ಅಂದರೆ, ಅಲ್ಲಿಗೆ ಅದು ಕಳ್ಳರದ್ದು ಅಂತ ತಿಳಿಯಿರಿ.

"ನನ್ನ ಕಾಗದ ಅವರಿಗೆ ಸಿಕ್ಕಿದ್ದಾದ್ರೂ ಎಲ್ಲಿ?"

ಜೆರಾಕ್ಸ್ ಅಂಗಡಿ, ಲಾಡ್ಜಿನ ಕೌಂಟರ್, ಸಿಮ್ ಮಾರುವ ಛತ್ರಿ, ಬಾಡಿಗೆ ಮನೆಯ ಬ್ರೋಕರ್. ಐದು ವರ್ಷದಲ್ಲಿ ಎಷ್ಟು ಕಡೆ ಆಧಾರ್ ಪ್ರತಿ ಕೊಟ್ಟಿದ್ದೀರಿ ಅಂತ ಲೆಕ್ಕ ಹಾಕಲು ಕೂತರೆ ನಿಮಗೇ ನಗು ಬರುತ್ತದೆ. 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಎಲ್ಲರಿಗೂ ಆಧಾರ್ ಜೆರಾಕ್ಸ್ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾಗುತ್ತಾರೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ನನ್ನ ಕೇಳಿದರೆ, ಪ್ರಕಟಣೆ ಹಿಂದಕ್ಕೆ ಹೋದರೂ ಬುದ್ಧಿಮಾತು ಸರಿಯಾಗೇ ಇತ್ತು.

2023ರಲ್ಲಿ ಇನ್ನೊಂದು ಬಗೆಯದ್ದು ಕರ್ನಾಟಕದಲ್ಲಿ ಕಾಣಿಸಿಕೊಂಡಿತು. ಆಸ್ತಿ ನೋಂದಣಿ ಪತ್ರದ ಮೇಲಿನ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯಲ್ಲಿ ಖಾತೆಯಿಂದ ಹಣ ತೆಗೆದಿದ್ದರು. ಅದಕ್ಕೆ ಒಟಿಪಿಯೂ ಬೇಕಿಲ್ಲ, ಬೆರಳಷ್ಟೇ ಸಾಕು.

ಎಲ್ಲಿಂದ ಹೋಯಿತು ಅನ್ನೋದು ಬಹಳ ಸಲ ಕೊನೆಗೂ ಗೊತ್ತಾಗೋದಿಲ್ಲ. ಅದರ ಹಿಂದೆ ಬಿದ್ದು ಉತ್ತರ ಕೊಡುವ ಗಡುವು ತಪ್ಪಿಸಿಕೊಳ್ಳಬೇಡಿ.

"ಆಧಾರ್ ನಂಬರೇ ಬದಲಾಯಿಸಿಬಿಟ್ರೆ?"

ಹೊಸ ನಂಬರ್ ಕೊಡುವುದಿಲ್ಲ. ಇನ್ನೊಂದು ಪ್ಯಾನ್ ಮಾಡಿಸಲು ಹೋಗಲೇಬೇಡಿ, ಎರಡು ಪ್ಯಾನ್ ಇಟ್ಟುಕೊಂಡರೆ ಹತ್ತು ಸಾವಿರ ರೂಪಾಯಿ ದಂಡ. ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡಿ, ಅಷ್ಟು ಸಾಕು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಕೊಡುವ ದಿನ ಮಾತ್ರ ಸ್ವಲ್ಪ ಹೊತ್ತು ತೆರೆಯಬೇಕು. ಮನೆಯ ಹಿರಿಯರಿಗೆ ಇದನ್ನು ಹೇಳಿಡಿ, ಇಲ್ಲದಿದ್ದರೆ ಅಕ್ಕಿಯಿಲ್ಲದೆ ವಾಪಸ್ ಬರುತ್ತಾರೆ. ಇನ್ನು ಮುಂದೆ ಪ್ರತಿ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆದ ಆಧಾರ್ ಕೊಡಿ. ಅದರ ಮೇಲೆ ಅಡ್ಡಲಾಗಿ "ಬಾಡಿಗೆ ಕರಾರಿಗೆ ಮಾತ್ರ" ಅಂತ ಬರೆದು ತಾರೀಕು ಹಾಕಿ.

"ನನ್ನ ಹೆಸರಲ್ಲಿ ಇನ್ನೂ ಏನೇನು ಇದೆ ಅಂತ ತಿಳಿಯೋದು ಹೇಗೆ?"

ಒಂದು ಮಧ್ಯಾಹ್ನ ಕೂತರೆ ಆಗುವ ಕೆಲಸ. ಒಂದು ನೋಟಿಸ್ ಬಂದಿದ್ದರೆ ಹಿಂದೆ ಇನ್ನೊಂದು ಇರುವ ಸಾಧ್ಯತೆ ಜಾಸ್ತಿ, ಆದ್ದರಿಂದ ಇದನ್ನು ಬಿಡಬೇಡಿ.

ಸಾಲಕ್ಕೆ: ಎಲ್ಲರೂ "ಸಿಬಿಲ್" ಅಂತಾರೆ, ಆದರೆ ಯಾರ ಹೆಸರಲ್ಲಿ ಯಾವ ಸಾಲ ಇದೆ ಅಂತ ದಾಖಲೆ ಇಡುವ ಅಂಥ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಬ್ಬರೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಲೇಬೇಕು. ವೆಬ್‌ಸೈಟು ದುಡ್ಡಿನ ಪ್ಲಾನಿನ ಕಡೆಗೇ ನಿಮ್ಮನ್ನು ಎಳೆಯುತ್ತದೆ. ಪುಕ್ಕಟೆ ಕೊಂಡಿ ಎಲ್ಲೋ ಮೂಲೆಯಲ್ಲಿರುತ್ತದೆ, ತಾಳ್ಮೆಯಿಂದ ಹುಡುಕಿ. ನಾಲ್ಕನ್ನೂ ತೆಗೆಯಿರಿ, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗಬಹುದು.

ಸಿಮ್‌ಗೆ: ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್. ನಿಮ್ಮ ಹೆಸರಿನಲ್ಲಿರುವ ಮೊಬೈಲ್ ನಂಬರುಗಳನ್ನೆಲ್ಲ ತೋರಿಸುತ್ತದೆ, ನಿಮ್ಮದಲ್ಲದ್ದನ್ನು ಅಲ್ಲೇ ಗುರುತು ಮಾಡಿ ದೂರಬಹುದು. ಒಬ್ಬರ ಹೆಸರಿಗೆ ಒಂಬತ್ತು ಸಿಮ್‌ವರೆಗೆ ಕೊಡಬಹುದಾದ್ದರಿಂದ ಕಳ್ಳನಿಗೆ ಜಾಗ ಬೇಕಾದಷ್ಟಿದೆ.

ಆಧಾರ್‌ಗೆ: ಯುಐಡಿಎಐ ತಾಣದಲ್ಲಿ ಕಳೆದ ಆರು ತಿಂಗಳ ದೃಢೀಕರಣ ಇತಿಹಾಸ. ತೆರಿಗೆಗೆ: ಇ-ಫೈಲಿಂಗ್ ಪೋರ್ಟಲಿನ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್. ಜಿಎಸ್‌ಟಿಗೆ: ಅದರ ಪೋರ್ಟಲಿನಲ್ಲಿ ಲಾಗಿನ್ ಇಲ್ಲದೆಯೇ ಪ್ಯಾನ್ ಹಾಕಿ ಹುಡುಕಬಹುದು.

## ಉತ್ತರ ಬರೆಯುವುದು, ದೂರು ಕೊಡುವುದು

"ಸಿಬಿಲ್ ರಿಪೋರ್ಟ್ ತೆಗೆಸಿದೆ, ತಲೆಬುಡ ಅರ್ಥ ಆಗ್ಲಿಲ್ಲ. ಎಲ್ಲಿ ನೋಡಬೇಕು?"

ಸ್ಕೋರ್ ಬಿಡಿ, ಮೂರು ಕಡೆ ನೋಡಿ. ಒಂದು, ಖಾತೆಗಳ ಪಟ್ಟಿ. ಎರಡು, ಎನ್‌ಕ್ವೈರಿ: ಯಾರು, ಯಾವತ್ತು, ಎಷ್ಟು ಸಾಲಕ್ಕೆ ನಿಮ್ಮ ವರದಿ ಕೇಳಿದ್ದರು ಅನ್ನೋದು ಅಲ್ಲಿರುತ್ತದೆ. ಮೂರು, ಯಾರೂ ಓದದ ಭಾಗ: ವಿಳಾಸ, ಫೋನ್ ನಂಬರ್, ಇಮೇಲ್.

ನನ್ನ ವರದಿಯಲ್ಲಿ ನನಗೆ ಸುಳಿವು ಸಿಕ್ಕಿದ್ದು ಮೂರನೆಯದರಲ್ಲಿ. ನಾಲ್ಕು ವಿಳಾಸಗಳಿದ್ದವು. ಮೂರು ನಾನು ವಾಸ ಮಾಡಿದ ಬಾಡಿಗೆ ಮನೆಗಳು. ನಾಲ್ಕನೆಯದು ನಾನು ಕಾಲಿಡದ ರಾಜ್ಯದ ಒಂದು ಊರು, ಬರೀ "ಬಸ್ ಸ್ಟಾಂಡ್ ಹತ್ತಿರ" ಅಂತ. ಪಕ್ಕದಲ್ಲಿದ್ದ ಇಮೇಲ್‌ನಲ್ಲಿ ನನ್ನ ಹೆಸರು ತಪ್ಪು ಕಾಗುಣಿತದಲ್ಲಿತ್ತು. ಆ ವಿಳಾಸ ಸೇರಿದ ದಿನವೂ ಎನ್‌ಕ್ವೈರಿ ಆದ ದಿನವೂ ಒಂದೇ. ಆ ಪುಟ ಪ್ರಿಂಟ್ ಹಾಕಿ ಎರಡಕ್ಕೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಮುಂದೆ ಎಲ್ಲಾ ಕಡೆ ಕೆಲಸಕ್ಕೆ ಬಂದದ್ದು ಅದೇ ಹಾಳೆ.

ಒಂದು ಎಚ್ಚರಿಕೆ. ಕಂಡ ಅಪರಿಚಿತ ಸಾಲವೆಲ್ಲ ಕಳ್ಳತನವಲ್ಲ. ಮಾಲೀಕತ್ವದ ಕಾಲಂನಲ್ಲಿ "ಗ್ಯಾರಂಟರ್" ಅಂತಿದ್ದರೆ, ಹಿಂದೆ ಯಾವಾಗಲೋ ಗೆಳೆಯನ ಸಾಲಕ್ಕೆ ಜಾಮೀನು ಹಾಕಿದ್ದು ನೆನಪಿಸಿಕೊಳ್ಳಿ. ಸಾಲ ಕೊಟ್ಟವರ ಹೆಸರು ಗೊತ್ತಿಲ್ಲ ಅಂದಕೂಡಲೇ ಹೌಹಾರಬೇಡಿ. ಕಂತಿನಲ್ಲಿ ಫೋನ್ ಕೊಂಡಿದ್ದರೆ ಅಂಗಡಿಯ ಹೆಸರಿನ ಬದಲು ಫೈನಾನ್ಸ್ ಕಂಪನಿಯ ಹೆಸರು ಇರುತ್ತದೆ.

"ಸಾಲ ನನ್ನದಲ್ಲ ಅಂತ ಬರೆಯೋದು ಹೇಗೆ? ಒಂದು ಮಾದರಿ ಕೊಡಿ."

ಕಷ್ಟಸುಖ ಬೇಡ, ಸಿಟ್ಟು ಬೇಡ. ಅರ್ಧ ಪುಟ ಸಾಕು.

"ನಿಮ್ಮ ನೋಟಿಸ್ ಸಂಖ್ಯೆ ___, ದಿನಾಂಕ ___, ನನಗೆ ___ರಂದು ತಲುಪಿದೆ. ಅದರಲ್ಲಿ ಹೇಳಿರುವ ಸಾಲಕ್ಕೆ ನಾನು ಅರ್ಜಿ ಹಾಕಿಲ್ಲ, ಸಹಿ ಮಾಡಿಲ್ಲ, ಹಣ ಪಡೆದಿಲ್ಲ. ನನ್ನ ಗುರುತಿನ ದಾಖಲೆ ದುರ್ಬಳಕೆಯಾಗಿದೆ ಎಂದು ___ರಂದು ದೂರು ಕೊಟ್ಟಿದ್ದೇನೆ, ದೂರಿನ ಸಂಖ್ಯೆ ___. ಸಾಲದ ಅರ್ಜಿ ಮತ್ತು ಒಪ್ಪಂದ, ಕೆವೈಸಿ ದಾಖಲೆ ಮತ್ತು ಫೋಟೊ, ಒಟಿಪಿ ಹೋದ ಮೊಬೈಲ್ ನಂಬರ್, ಹಣ ಜಮೆಯಾದ ಬ್ಯಾಂಕ್ ಖಾತೆಯ ವಿವರ, ಇವುಗಳ ಪ್ರತಿ ಕೊಡಿ. ತನಿಖೆ ಮುಗಿಯುವವರೆಗೆ ವಸೂಲಿ ನಿಲ್ಲಿಸಿ. ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕೊಟ್ಟಿರುವ ವರದಿ ಸರಿಪಡಿಸಿ. ಈ ಪತ್ರದಿಂದ ನಾನು ಸಾಲ ಒಪ್ಪಿಕೊಂಡಂತೆ ಆಗುವುದಿಲ್ಲ."

ಇಡೀ ಪತ್ರದ ಜೀವ "ಹಣ ಜಮೆಯಾದ ಖಾತೆ" ಅನ್ನೋ ಮಾತಿನಲ್ಲಿದೆ. ಡಿಜಿಟಲ್ ಸಾಲದ ಹಣ ನೇರವಾಗಿ ಸಾಲಗಾರನ ಖಾತೆಗೇ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿದೆ. ಹಣ ಹೋದ ಖಾತೆ ನಿಮ್ಮದಲ್ಲ ಅಂದಮೇಲೆ ಸಾಲ ನಿಮ್ಮದು ಅಂತ ವಾದಿಸೋದು ಅವರಿಗೆ ಕಷ್ಟ. ನನ್ನ ಪ್ರಕರಣದಲ್ಲಿ ಮೂರು ತಿಂಗಳು "ಪರಿಶೀಲನೆಯಲ್ಲಿದೆ" ಅನ್ನುತ್ತಿದ್ದವರು, ಖಾತೆಯ ವಿವರ ಕೇಳಿದ ಮೇಲೆ ದನಿ ಬದಲಾಯಿಸಿದರು.

ಇಮೇಲ್ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಪ್ಯಾನ್, ಆಧಾರ್‌ನ ಪೂರ್ತಿ ಪ್ರತಿ ಲಗತ್ತಿಸಬೇಡಿ, ಮಾಸ್ಕ್ ಮಾಡಿದ್ದು ಸಾಕು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಯಿತು ಅಂತಲೇ ಲೆಕ್ಕ. ಸ್ವೀಕೃತಿ ಇಲ್ಲದ ದೂರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ.

"ಎರಡು ಸಾವಿರ ತಾನೇ? ಕಟ್ಟಿ ಕೈತೊಳ್ಕೊಂಡ್ರೆ ಆಗಲ್ವಾ?"

ಬೇಡ. ಕಟ್ಟಿದ ಕ್ಷಣದಿಂದ ಆ ಸಾಲ ನಿಮ್ಮದು ಅನ್ನೋದಕ್ಕೆ ನೀವೇ ರಸೀದಿ ಕೊಟ್ಟ ಹಾಗೆ. "ಅರ್ಧ ಕಟ್ಟಿ, ಸೆಟಲ್‌ಮೆಂಟ್ ಮಾಡ್ತೀವಿ" ಅನ್ನೋ ಮಾತು ಇನ್ನೂ ಕೆಟ್ಟದ್ದು. ವರದಿಯಲ್ಲಿ "ಸೆಟಲ್ಡ್" ಅಂತ ಬಿದ್ದರೆ ನಾಳೆ ಮನೆ ಸಾಲಕ್ಕೆ ಹೋದಾಗ ಮ್ಯಾನೇಜರು ಮೊದಲು ಬೆರಳಿಡೋದು ಅದರ ಮೇಲೆ.

"ಮೊದಲು ಬ್ಯಾಂಕಿಗಾ, ಠಾಣೆಗಾ? ಠಾಣೆಯಲ್ಲಿ 'ನಮ್ಮ ವ್ಯಾಪ್ತಿ ಅಲ್ಲ' ಅಂದ್ರು."

ನಿಮ್ಮ ಖಾತೆಯಿಂದ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಅಲ್ಲಿ ಗಂಟೆಗಳ ಲೆಕ್ಕ. ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದ್ದು, ತಪ್ಪು ನಿಮ್ಮ ಕಡೆಯಿಂದಾಗಲಿ ಬ್ಯಾಂಕಿನ ಕಡೆಯಿಂದಾಗಲಿ ಇಲ್ಲದಿದ್ದರೆ ನಷ್ಟದ ಹೊಣೆ ನಿಮ್ಮದಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಬರೀ ಸಾಲದ ನೋಟಿಸ್ ಆದರೆ ಅಷ್ಟು ಓಡಬೇಕಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿ, ಅದರ ಸಂಖ್ಯೆಯನ್ನು ಮೇಲಿನ ಪತ್ರದಲ್ಲಿ ಬರೆಯಿರಿ.

ಆದರೆ ಪೋರ್ಟಲಿನ ದೂರು ಎಫ್‌ಐಆರ್ ಅಲ್ಲ. ಎಫ್‌ಐಆರ್ ಬೇಕೆಂದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೋ ಹತ್ತಿರದ ಠಾಣೆಗೋ ಹೋಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಆಗಲ್ಲ ಅಂದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಲು ಅದೇ ಕಲಂನಲ್ಲಿ ದಾರಿಯಿದೆ. ಠಾಣೆಯಲ್ಲಿ ಕಲಂ ನಂಬರ್ ಹೇಳಿ ಜಗಳಕ್ಕೆ ನಿಂತರೆ ಕೆಲಸ ಆಗೋದು ಕಡಿಮೆ. ಕೆಂಪು ಗೆರೆ ಎಳೆದ ಹಾಳೆ ಮುಂದಿಟ್ಟು ನಿಧಾನಕ್ಕೆ ಹೇಳಿ.

"ಬರೆದು ಒಂದು ತಿಂಗಳಾಯ್ತು, ಯಾರೂ ಉತ್ತರನೇ ಕೊಡ್ತಿಲ್ಲ."

ಎರಡು ಗಡಿಯಾರಗಳು ಓಡುತ್ತಿವೆ. ಕ್ರೆಡಿಟ್ ಮಾಹಿತಿ ಕಂಪನಿಯಲ್ಲಿ ತಕರಾರು ದಾಖಲಿಸಿದರೆ 30 ದಿನದೊಳಗೆ ಬಗೆಹರಿಸಬೇಕು. ತಡವಾದರೆ 2024ರ ಏಪ್ರಿಲ್‌ನಿಂದ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ನಿಯಮವಿದೆ. ಕೇಳದೆ ಯಾರೂ ಕೊಡಲ್ಲ, ಪತ್ರದಲ್ಲಿ ಬರೆದು ಕೇಳಿ. ಸಾಲ ಕೊಟ್ಟವರು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಹಾರಿಕೆ ಉತ್ತರ ಕೊಟ್ಟರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

"ವಸೂಲಿಯವರು ಅತ್ತೆಗೂ ಫೋನ್ ಮಾಡ್ತಿದ್ದಾರೆ."

ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ನೆಂಟರ ಮುಂದೆ ಅವಮಾನಿಸುವಂತಿಲ್ಲ. ಕರೆಯ ಸಮಯ, ನಂಬರ್ ಬರೆದಿಡಿ. "ವಿವಾದ ದಾಖಲಾಗಿದೆ, ಸಂಖ್ಯೆ ಇಷ್ಟು" ಅಂತ ಒಂದೇ ಮಾತು ಹೇಳಿ ಇಡಿ. ಅತ್ತೆಯವರಿಗೂ ಅದೇ ಮಾತು ಕಲಿಸಿ.

## ಗೋಜಲಿನ ಪ್ರಕರಣಗಳು

"ನಾನು ಕೂಲಿ ಮಾಡೋನು. ಕೋಟಿಗಟ್ಟಲೆ ಜಿಎಸ್‌ಟಿ ಬಾಕಿ ಅಂತ ನೋಟಿಸ್ ಬಂದಿದೆ."

ನೀವು ಮೊದಲಿಗರಲ್ಲ. 2025ರಲ್ಲಿ ಮಧ್ಯಪ್ರದೇಶದ ದಮೋಹ್ ಜಿಲ್ಲೆಯ ಮೊಟ್ಟೆ ವ್ಯಾಪಾರಿಯೊಬ್ಬರಿಗೆ, ಉತ್ತರಪ್ರದೇಶದ ಅಲಿಗಢದ ಜ್ಯೂಸ್ ಮಾರುವವರೊಬ್ಬರಿಗೆ ಇಂಥದ್ದೇ ಕೋಟಿಗಳ ನೋಟಿಸ್ ಬಂದದ್ದು ಸುದ್ದಿಯಾಗಿತ್ತು. ಬಡವರ ಪ್ಯಾನ್ ಹಾಕಿ ಕಾಗದದ ಮೇಲೊಂದು ಅಂಗಡಿ ತೆರೆಯುತ್ತಾರೆ, ಸುಳ್ಳು ಬಿಲ್ ಹರಿದು, ಕಟ್ಟದ ತೆರಿಗೆಯನ್ನು ಕಟ್ಟಿದ ಹಾಗೆ ತೋರಿಸಿ ಅದರ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ನುಂಗುತ್ತಾರೆ. ನೋಟಿಸ್ ಮಾತ್ರ ಪ್ಯಾನ್ ಇದ್ದವರ ಮನೆಗೆ ಬರುತ್ತದೆ.

ಪ್ಯಾನ್ ಹಾಕಿ ಹುಡುಕಿ, ಯಾವ ರಾಜ್ಯದಲ್ಲಿ ನೋಂದಣಿಯಾಗಿದೆ ಎಂದು ನೋಡಿ. ಆ ವ್ಯಾಪ್ತಿಯ ಅಧಿಕಾರಿಗೆ ಬರೆದು ನೋಂದಣಿ ರದ್ದು ಮಾಡಲು ಕೇಳಿ. ಎಫ್‌ಐಆರ್ ಪ್ರತಿ ಇಡಿ. ನೋಂದಣಿಗೆ ಕೊಟ್ಟ ಬಾಡಿಗೆ ಕರಾರು, ಫೋಟೊ, ಬ್ಯಾಂಕ್ ಖಾತೆಯ ಪ್ರತಿ ಕೇಳಿ. ಇಲ್ಲಿ ಮಾತ್ರ ನಾನು ಒಬ್ಬ ತೆರಿಗೆ ಸಲಹೆಗಾರರನ್ನು ಹಿಡಿಯಿರಿ ಅನ್ನುತ್ತೇನೆ, ಗಡುವು ಮೀರಿದರೆ ಮೇಲ್ಮನವಿಯ ಹಾದಿ ಉದ್ದ.

ಇದನ್ನು 2025ರ ಜುಲೈನಲ್ಲಿ ನಮ್ಮ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಬಂದ ನೋಟಿಸಿನ ಜೊತೆ ಬೆರೆಸಬೇಡಿ. ಅದು ಅವರದೇ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ್ದು. ಅದಕ್ಕೆ "ನನ್ನ ಗುರುತು ಕದ್ದಿದ್ದಾರೆ" ಅಂತ ಉತ್ತರ ಬರೆದರೆ ಕೆಡುತ್ತದೆ.

"ನಾನು ಮಾಡದ ವಹಿವಾಟು ಆದಾಯ ತೆರಿಗೆ ಪಟ್ಟಿಯಲ್ಲಿದೆ."

ಎಐಎಸ್‌ನ ಆ ಸಾಲಿನ ಎದುರು ಪ್ರತಿಕ್ರಿಯೆ ಕೊಡುವ ಜಾಗವಿದೆ. ಮಾಹಿತಿಯನ್ನು ನಿರಾಕರಿಸುತ್ತೇನೆ, ಅಥವಾ ಇದು ಬೇರೆ ಪ್ಯಾನ್‌ಗೆ ಸೇರಿದ್ದು, ಇವುಗಳಲ್ಲಿ ಸರಿಯಾದದ್ದನ್ನು ಆರಿಸಿ. ವಿಷಯ ಮಾಹಿತಿ ಕಳಿಸಿದ ಬ್ಯಾಂಕಿಗೆ ಹೋಗುತ್ತದೆ. ನೋಟಿಸ್ ಬಂದೇ ಬಿಟ್ಟಿದ್ದರೆ ಇದಷ್ಟೇ ಸಾಲದು, ನೋಟಿಸಿಗೂ ಬೇರೆಯಾಗಿ ಉತ್ತರ ಕೊಡಿ.

"ಮಾಡಿದ್ದು ನಮ್ಮ ಭಾಮೈದನೇ. ಈಗೇನ್ ಮಾಡ್ಲಿ?"

ಅತಿ ಜಾಸ್ತಿ ಸಲ, ಅತಿ ಮೆಲ್ಲಗೆ ಕೇಳಿದ ಪ್ರಶ್ನೆ ಇದು. ನಿಮಗೆ ಗೊತ್ತಿಲ್ಲದೆ ಫೋನ್ ತೆಗೆದು ಒಟಿಪಿ ನೋಡಿಕೊಂಡಿದ್ದರೆ ಅದು ಗುರುತಿನ ಕಳ್ಳತನವೇ. ಆದರೆ ಸಾಲ ಕೊಟ್ಟವರು ದೂರಿನ ಪ್ರತಿ ಕೇಳುತ್ತಾರೆ, ದೂರಿನಲ್ಲಿ ಗೊತ್ತಿರುವ ಹೆಸರು ಮುಚ್ಚಿಟ್ಟರೆ ಮುಂದೆ ನಿಮಗೇ ತೊಡಕು. ಹೆಸರು ಬರೆಯಲು ಮನಸ್ಸಿಲ್ಲದಿದ್ದರೆ ಅವನಿಂದಲೇ ಸಾಲ ತೀರಿಸಿ, ಅದು ಮನೆಯ ವ್ಯವಹಾರ ಅಂತ ಒಪ್ಪಿಕೊಳ್ಳಬೇಕು. ಎರಡರ ನಡುವೆ ಮೂರನೆಯ ದಾರಿ ನನಗೆ ಕಂಡಿಲ್ಲ.

ನೀವೇ ಒಟಿಪಿ ಹೇಳಿದ್ದರೆ, ಸಂಘದ ಸಾಲಕ್ಕೆ ನೀವೇ ಸಹಿ ಹಾಕಿ ದುಡ್ಡು ಇನ್ನೊಬ್ಬರಿಗೆ ಕೊಟ್ಟಿದ್ದರೆ, ಕಾಗದದ ಪ್ರಕಾರ ಸಾಲ ನಿಮ್ಮದೇ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಟ್ಟಿದ್ದರೆ ಪೊಲೀಸರು ನಿಮ್ಮನ್ನು ನೋಡುವ ರೀತಿಯೇ ಬೇರೆ. ಹಾಗಾದರೆ ಮೊದಲು ವಕೀಲರು, ಆಮೇಲೆ ಠಾಣೆ.

"ಮಗಳು ಅಮೆರಿಕದಲ್ಲಿದ್ದಾಳೆ. ಅವಳಿಗೆ ಐಆರ್‌ಎಸ್‌ನಿಂದ 5071ಸಿ ಅಂತ ಪತ್ರ ಬಂದಿದೆ."

ಐಆರ್‌ಎಸ್ ಅಂದರೆ ಅಲ್ಲಿನ ತೆರಿಗೆ ಇಲಾಖೆ. ಅವಳ ಸೋಷಿಯಲ್ ಸೆಕ್ಯುರಿಟಿ ನಂಬರಿನಲ್ಲಿ ಒಂದು ತೆರಿಗೆ ರಿಟರ್ನ್ ಬಂದಿದೆ, ಅದು ನಿಜವಾಗಿ ಅವಳದೇನಾ ಅಂತ ಅವರಿಗೆ ಅನುಮಾನ. ಅವಳೇ ಸಲ್ಲಿಸಿದ್ದರೂ ಈ ಪತ್ರ ಬರಬಹುದು. ಪತ್ರದಲ್ಲಿರುವ ದಾರಿಯಲ್ಲೇ, 30 ದಿನದೊಳಗೆ ಗುರುತು ದೃಢಪಡಿಸಿ, ಸಲ್ಲಿಸಿದ್ದು ತಾನೋ ಅಲ್ಲವೋ ಹೇಳಬೇಕು. 14039 ಎಂಬ ಫಾರಂ ತುಂಬಲು ಹೇಳುವವರು ಸಿಗುತ್ತಾರೆ, ಈ ಪತ್ರ ಬಂದವರಿಗೆ ಅದು ಬೇಕಿಲ್ಲ. ಆಮೇಲೆ ಆರಂಕಿಯ ಐಪಿ ಪಿನ್ ತೆಗೆದುಕೊಳ್ಳಲಿ. ಅದು ವರ್ಷವರ್ಷ ಬದಲಾಗುತ್ತದೆ, ಅದಿಲ್ಲದೆ ಅವಳ ಹೆಸರಿನಲ್ಲಿ ಬೇರೆಯವರು ರಿಟರ್ನ್ ಸಲ್ಲಿಸಲಾಗದು. ಅಲ್ಲಿ ಮೂರೂ ಕ್ರೆಡಿಟ್ ಕಂಪನಿಗಳಲ್ಲಿ ವರದಿಯನ್ನು ಪುಕ್ಕಟೆ ಫ್ರೀಜ್ ಮಾಡಿಸಬಹುದು, 2018ರಿಂದ ಆ ಅನುಕೂಲ ಇದೆ.

"ಕೊನೆಗೆ ಯಾವ ಕಾಗದ ಕೈಗೆ ಸಿಕ್ಕರೆ ಮುಗೀತು ಅಂತ?"

"ಖಾತೆ ಮುಚ್ಚಲಾಗಿದೆ" ಅನ್ನೋ ಪತ್ರ ಸಾಲದು, ಸಾಲ ಮಾಡಿ ತೀರಿಸಿದವರಿಗೂ ಅದೇ ಪತ್ರ ಕೊಡುತ್ತಾರೆ. "ಈ ಸಾಲ ಮೋಸದಿಂದ ಪಡೆದದ್ದು, ಇವರಿಗೆ ಸಂಬಂಧವಿಲ್ಲ, ವರದಿಯಿಂದ ತೆಗೆಯಲಾಗಿದೆ" ಅಂತ ಬರೆಸಿಕೊಳ್ಳಿ. ಎರಡು ತಿಂಗಳು ಬಿಟ್ಟು ನಾಲ್ಕೂ ವರದಿ ಮತ್ತೆ ನೋಡಿ.

ಆ ಪತ್ರ ಎಲ್ಲಿಟ್ಟಿದ್ದೀರಿ ಅಂತ ಮನೆಯವರಿಗೂ ಗೊತ್ತಿರಲಿ. ನನ್ನದು ಮುಗಿದು ಎಂಟು ತಿಂಗಳಾದ ಮೇಲೆ ಬೇರೊಂದು ವಸೂಲಿ ಏಜೆನ್ಸಿಯಿಂದ ಫೋನ್ ಬಂತು, ಅದೇ ಏಳು ಸಾವಿರಕ್ಕೆ ಬಡ್ಡಿ ಸೇರಿಸಿ. ಹಳೆಯ ಬಾಕಿಗಳ ಪಟ್ಟಿಯನ್ನು ಯಾರೋ ಅವರಿಗೆ ದಾಟಿಸಿದ್ದರು. ಆ ಪತ್ರದ ಫೋಟೊ ಕಳಿಸಿದೆ. ಆ ಕಡೆಯವನು "ಸರಿ ಸರ್" ಅಂದ, ಮತ್ತೆ ಫೋನ್ ಬರಲಿಲ್ಲ.